ಹುಳು ಹಣ್ಣಾಗುವವರೆಗೂ

ನನ್ನದು ಹುಟ್ಟಿನಿಂದಲೇ ಅನುಮಾನದ ಬುದ್ಧಿ. ಚಿಂತಾಮಣಿಯ ಸಂತೆಯಲ್ಲಿ ಟೊಮೆಟೊ ಕೊಂಡರೆ ಬುಟ್ಟಿಯ ತಳಕ್ಕೆ ಕೈಹಾಕಿ ನೋಡುತ್ತೇನೆ. ಹಾಲಿನವನು ನಗುನಗುತ್ತಾ ಮಾತಾಡಿಸಿದ ದಿನ ಹಾಲಿಗೆ ನೀರು ಜಾಸ್ತಿ ಬಿದ್ದಿದೆ ಎಂದೇ ಅರ್ಥ. ಶಾಲೆಯಲ್ಲಿ ಮಕ್ಕಳು ಹೊಟ್ಟೆನೋವು ಎಂದರೆ ನನಗೆ ನಂಬಿಕೆ ಬರಲು ಅವರು ವಾಂತಿಯನ್ನೇ ಮಾಡಬೇಕು. ಇವಳ ಮುಂದೆ ದೇವರು ಪ್ರತ್ಯಕ್ಷನಾದರೂ ಆಧಾರ್ ಕಾರ್ಡ್ ಕೇಳುತ್ತಾಳೆ ಎಂದು ನಮ್ಮಮ್ಮ ಬಂದವರ ಮುಂದೆಲ್ಲ ಹೇಳಿಕೊಂಡು ನಗುತ್ತಿದ್ದಳು. ಇಂಥ ನನಗೆ ಕಟ್ಟಿಕೊಂಡ ಗಂಡನ ಮೇಲೆ ಮಾತ್ರ ಬಹಳ ವರ್ಷ ಯಾವ ಅನುಮಾನವೂ ಬಂದಿರಲಿಲ್ಲ. ಬರುವಂಥ ಗಂಡಸೂ ಅಲ್ಲ ಅವರು. ಹುಳು, ಸೊಪ್ಪು, ಗೂಡಿನ ರೇಟು, ಇಷ್ಟರಲ್ಲೇ ಅವರ ಆಯುಸ್ಸು ಕಳೆಯುತ್ತಿತ್ತು.

ನಮ್ಮೂರು ಶಿಡ್ಲಘಟ್ಟಕ್ಕೂ ಚಿಂತಾಮಣಿಗೂ ನಡುವೆ, ಮೇನ್ ರೋಡಿನಿಂದ ಸ್ವಲ್ಪ ಒಳಗೆ. ನಮ್ಮ ಮನೆಯವರು ರೇಷ್ಮೆ ಹುಳು ಸಾಕುತ್ತಾರೆ. ಮನೆಯ ಹಿಂದೆ ಹುಳುಮನೆ, ಅದರಾಚೆಗೆ ಹಿಪ್ಪುನೇರಳೆ ತೋಟ. ನಾನು ಬೆಳಗ್ಗೆ ಬಸ್ಸು ಹತ್ತಿ ಚಿಂತಾಮಣಿಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ಸಂಜೆ ವಾಪಸಾಗುತ್ತೇನೆ. ಮಗಳು ಈ ಕತೆ ನಡೆದಾಗ ಚಿಕ್ಕಬಳ್ಳಾಪುರದ ಹಾಸ್ಟೆಲ್ಲಿನಲ್ಲಿದ್ದು ಡಿಗ್ರಿ ಓದುತ್ತಿದ್ದಳು. ಪಕ್ಕದ ಮನೆ ಮೈದುನನದು. ಅವನ ಹೆಂಡತಿ, ಅಂದರೆ ನನ್ನ ಓರಗಿತ್ತಿ, ಆಂಧ್ರದ ಗಡಿ ಕಡೆಯವಳು. ಅವಳಿಗೂ ನನಗೂ ಮಾತೂ ಉಂಟು, ಜಗಳವೂ ಉಂಟು, ಎರಡೂ ಇಲ್ಲದ ದಿನ ಬೇಜಾರೂ ಉಂಟು.

ಹುಳು ಸಾಕುವ ಮನೆಗಳ ಕಟ್ಟುಪಾಡು ಹೊರಗಿನವರಿಗೆ ವಿಚಿತ್ರವೆನಿಸಬಹುದು. ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಬಾಗಿಲಲ್ಲಿ ಹಾಕಿದ ಸುಣ್ಣದ ಪುಡಿ ತುಳಿದೇ ಒಳಗೆ ಹೋಗಬೇಕು. ಬೇರೆಯವರನ್ನು ಒಳಗೆ ಬಿಡುವಂತಿಲ್ಲ. ಇರುವೆ ಹತ್ತದಿರಲೆಂದು ಹುಳು ಇಡುವ ಸ್ಟ್ಯಾಂಡಿನ ಕಾಲುಗಳ ಕೆಳಗೆ ನೀರು ತುಂಬಿದ ತಟ್ಟೆ ಇಡಬೇಕು. ನಮ್ಮ ಅತ್ತೆಯ ಕಾಲದಿಂದ ಇನ್ನೊಂದು ನಿಯಮವೂ ಇತ್ತು. ಹುಳು ಮನೆಗೆ ಬಂದ ದಿನದಿಂದ ಗೂಡು ಬಿಡಿಸುವವರೆಗೆ ಸಾಕುವ ಗಂಡಸು ಹುಳುಮನೆಯ ಜಗಲಿಯಲ್ಲೇ ಮಲಗಬೇಕು, ಹೆಂಡತಿಯ ಹತ್ತಿರ ಸುಳಿಯಬಾರದು. ಅತ್ತೆ ಹೋದರೂ ನಿಯಮ ಹೋಗಲಿಲ್ಲ. ಗೂಡು ಮಾರಿ ಬಂದ ದಿನ ಇವರು ತಲೆಗೆ ಸ್ನಾನ ಮಾಡಿ ಹಾಸಿಗೆ ಸುತ್ತಿಕೊಂಡು ಮನೆಯೊಳಗೆ ಬರುತ್ತಿದ್ದರು. ಓರಗಿತ್ತಿ ಕಾಂಪೌಂಡಿನ ಆಚೆಯಿಂದ ಕೆಮ್ಮುತ್ತಿದ್ದಳು. ನಾನು ಕೇಳಿಸದವಳಂತೆ ಇರುತ್ತಿದ್ದೆ.

ನಾಲ್ಕೈದು ವರ್ಷದ ಹಿಂದಿನ ಮಾತು. ಒಂದು ಬೆಳೆ ಮುಗಿಯಿತು, ಗೂಡು ಮಾರಿದ್ದಾಯಿತು, ಇವರು ಒಳಗೆ ಬರಲಿಲ್ಲ. ಹುಳುಮನೆ ತೊಳೆಯಬೇಕು, ಬ್ಲೀಚಿಂಗ್ ಹೊಡೆಯಬೇಕು, ಅಲ್ಲೇ ಇದ್ದರೆ ಅನುಕೂಲ ಎಂದರು. ಖಾಲಿ ಹುಳುಮನೆಗೆ ಕಾವಲೇಕೆ ಎಂದು ಕೇಳಿದ್ದಕ್ಕೆ ಇಲಿ ಕಾಟ ಎಂದರು. ಅದಕ್ಕೆ ಮೊದಲು ಎರಡು ಮೂರು ಸಲ ಹತ್ತಿರ ಬಂದು, ಆಗದೆ, ಗೋಡೆಯ ಕಡೆ ತಿರುಗಿ ಮಲಗಿದ್ದರು. ವಯಸ್ಸಾಯಿತು, ದಣಿವು, ಹೋಗಲಿ ಎಂದು ನಾನೂ ಸುಮ್ಮನಿದ್ದೆ. ಅದೇನೂ ದೊಡ್ಡ ವಿಷಯವಲ್ಲ ಎಂದು ಹೇಳಿದ್ದೆ ಕೂಡ. ಹೇಳಬಾರದಿತ್ತೋ ಏನೋ, ಮರುದಿನ ಕಾಫಿ ಕುಡಿಯುವಾಗ ನನ್ನ ಮುಖ ನೋಡಲಿಲ್ಲ.

ಆಮೇಲೆ ಒಂದೊಂದೇ ಕಣ್ಣಿಗೆ ಬೀಳತೊಡಗಿತು. ಹುಟ್ಟಿದಾಗಿನಿಂದ ಒಂದು ಕರ್ಚೀಫನ್ನೂ ಹಿಂಡದ ಮನುಷ್ಯ ತನ್ನ ಒಳಬಟ್ಟೆಯನ್ನು ತಾನೇ ಒಗೆದುಕೊಳ್ಳಲು ಶುರುಮಾಡಿದರು. ನಾನು ಶಾಲೆಯಿಂದ ಬರುವಷ್ಟರಲ್ಲಿ ಅವನ್ನು ಹುಳುಮನೆಯ ಹಿಂದೆ ಒಣಗಿಸಿ ಮಡಚಿಯೂ ಆಗಿರುತ್ತಿತ್ತು. ಸ್ನಾನದ ಮನೆಯಿಂದ ಬರುವಾಗ ಕಾಲು ಅಗಲಿಸಿ ನಡೆಯುತ್ತಿದ್ದರು. ಮೈಯೂ ಸೊರಗುತ್ತಾ ಬಂತು. ನರ್ಸರಿಯಲ್ಲಿ ಹಿಪ್ಪುನೇರಳೆಯ ಹೊಸ ತಳಿಯ ಕಡ್ಡಿ ನೋಡಬೇಕೆಂದು ಹೇಳಿ ಎರಡು ಮಂಗಳವಾರ ಗೌರಿಬಿದನೂರಿಗೆ ಹೋದರು, ಬರಿಗೈಯಲ್ಲಿ ಬಂದರು. ಬೇರೆ ಹೆಂಗಸಾಗಿದ್ದರೆ ಗಂಡನಿಗೆ ಮೈ ಸರಿಯಿಲ್ಲವೇನೋ ಎನ್ನುತ್ತಿದ್ದಳು. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ. ಗೌರಿಬಿದನೂರಿನಲ್ಲಿ ಯಾವಳೋ ಇದ್ದಾಳೆ ಎಂದು ನಾನು ತೀರ್ಮಾನಿಸಿದೆ. ಸೊರಗಿದ್ದನ್ನು ವಿರಹ ಎಂದುಕೊಂಡೆ.

ಆ ತೀರ್ಮಾನಕ್ಕೆ ಮೊಳೆ ಹೊಡೆದದ್ದು ನನ್ನ ಮೈಯೇ. ನನಗೂ ಅಲ್ಲಿ ನವೆ, ಉರಿ ಶುರುವಾಗಿತ್ತು. ತರಗತಿಯಲ್ಲಿ ನಿಂತು ಪಾಠ ಮಾಡುವಾಗ ಹಲ್ಲು ಕಚ್ಚಿಕೊಳ್ಳಬೇಕಿತ್ತು. ಇವರು ಎಲ್ಲಿಂದಲೋ ರೋಗ ಹೊತ್ತು ತಂದು ನನಗೂ ಹಂಚಿದ್ದಾರೆ, ಇನ್ನೇನು ಉಳಿಯಿತು ಎಂದು ಸ್ಟಾಫ್ ರೂಮಿನಲ್ಲಿ ಕುಳಿತಲ್ಲೇ ಕಣ್ಣಲ್ಲಿ ನೀರು ಬರುತ್ತಿತ್ತು. ಚಿಂತಾಮಣಿಯಲ್ಲಿ ಡಾಕ್ಟರಿಗೆ ತೋರಿಸೋಣವೆಂದರೆ ಅಲ್ಲಿ ಯಾವ ಕ್ಲಿನಿಕ್ಕಿನ ಬೆಂಚಿನಲ್ಲೂ ನನ್ನ ವಿದ್ಯಾರ್ಥಿಯ ತಾಯಿಯೊಬ್ಬಳು ಕೂತೇ ಇರುತ್ತಾಳೆ. ಮೆಡಿಕಲ್ ಶಾಪಿನಲ್ಲಿ ತುರಿಕೆಗೆ ಎಂದು ಹೇಳಿ ಒಂದು ಮುಲಾಮು ತಂದೆ. ಎಲ್ಲಿಗೆ ಎಂದು ಅವನು ಕೇಳಿದ, ಕೈಗೆ ಎಂದೆ. ಅದರಿಂದ ಉರಿ ಇನ್ನೂ ಹೆಚ್ಚಿತು.

ಸೊಪ್ಪು ಕತ್ತರಿಸಲು ಬರುವ ಹೆಂಗಸರನ್ನೂ ಬಿಡಲಿಲ್ಲ ನಾನು. ಒಬ್ಬೊಬ್ಬರನ್ನಾಗಿ ತೂಗಿ ನೋಡಿದೆ. ಒಬ್ಬಳಿಗೆ ಇವರನ್ನು ಕಂಡರೆ ನಗು, ಇನ್ನೊಬ್ಬಳಿಗೆ ಸಿಡುಕು, ಮತ್ತೊಬ್ಬಳು ಇವರಿಗಿಂತ ಚೆನ್ನಾಗಿರುವ ಗಂಡನನ್ನೇ ಬಿಟ್ಟು ಬಂದವಳು. ಯಾರೂ ಇವರಿಗೆ ಒಲಿಯುವಂತೆ ಕಾಣಲಿಲ್ಲ. ಅದರಿಂದ ಸಮಾಧಾನವಾಗುವ ಬದಲು ಒಂದು ಥರ ಅವಮಾನವೇ ಆಯಿತು.

ಇದರ ನಡುವೆ ಇವರು ಬದಲಾದರು. ಸಂಜೆ ನಾನು ಬಸ್ಸಿಳಿಯುವ ಹೊತ್ತಿಗೆ ಸ್ಟಾಪಿನ ಹುಣಸೆಮರದಡಿ ನಿಂತಿರುತ್ತಿದ್ದರು. ಮದುವೆಯಾದ ಹೊಸದರಲ್ಲೂ ಹಾಗೆ ನಿಂತವರಲ್ಲ. ಯಾವ ಬಸ್ಸಿಗೆ ಬಂದೆ, ಸೀಟು ಸಿಕ್ಕಿತಾ, ಪಕ್ಕದಲ್ಲಿ ಯಾರು ಕೂತಿದ್ದರು ಎಂದು ವಿಚಾರಿಸುತ್ತಿದ್ದರು. ಒಂದು ಮಧ್ಯಾಹ್ನ ಟೊಮೆಟೊ ಮಾರ್ಕೆಟ್ಟಿಗೆ ಬಂದಿದ್ದೆ ಎಂದು ಹೇಳಿ ನಮ್ಮ ಶಾಲೆಯ ಗೇಟಿನವರೆಗೂ ಬಂದರು. ನಾವು ಟೊಮೆಟೊ ಬೆಳೆಯುವುದಿಲ್ಲ. ಆದರೂ ನಾನು ಕರಗಿಹೋದೆ. ಪಶ್ಚಾತ್ತಾಪವಾಗಿದೆ ಇವರಿಗೆ, ಆ ಗೌರಿಬಿದನೂರಿನವಳನ್ನು ಬಿಟ್ಟಿದ್ದಾರೆ, ನನ್ನ ಕಡೆ ಮನಸ್ಸು ತಿರುಗಿದೆ ಎಂದುಕೊಂಡೆ. ಮಾರನೆಯ ದಿನ ಇವರಿಗಿಷ್ಟವೆಂದು ಹೋಳಿಗೆ ಮಾಡಿದೆ. ನಾಲ್ಕು ತಿಂದರು. ಅದನ್ನು ನೆನೆದರೆ ಈಗ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ಹೋಳಿಗೆ ತಿಂದು ಕೈತೊಳೆದುಕೊಂಡು ಬಂದು ಕೇಳಿದ್ದು ಗಣಿತದ ಮೇಷ್ಟ್ರ ವಿಷಯ. ನಮ್ಮ ಶಾಲೆಯ ಗಣಿತದ ಮೇಷ್ಟ್ರು ಕೆಲವು ಸಂಜೆ ನನ್ನನ್ನು ಸ್ಕೂಟರಿನಲ್ಲಿ ಬಸ್ ಸ್ಟ್ಯಾಂಡಿನವರೆಗೆ ಬಿಡುತ್ತಿದ್ದರು. ಮೊಮ್ಮಕ್ಕಳಿರುವ ಮನುಷ್ಯ, ದಾರಿಯುದ್ದಕ್ಕೂ ತಮ್ಮ ಮಂಡಿನೋವಿನ ವಿಚಾರ ಬಿಟ್ಟು ಬೇರೆ ಮಾತಾಡಿದವರಲ್ಲ. ಅವರಿಗೆ ವಯಸ್ಸೆಷ್ಟು, ಹೆಂಡತಿ ಇದ್ದಾರಾ, ಮನೆ ಯಾವ ಬೀದಿಯಲ್ಲಿ ಎಂದು ಇವರು ಒಂದಾದ ಮೇಲೊಂದು ಕೇಳಿದಾಗ ನನಗೆ ಹೊಳೆಯಿತು. ಹುಣಸೆಮರದಡಿ ನಿಲ್ಲುತ್ತಿದ್ದದ್ದು ಪ್ರೀತಿಯಲ್ಲ, ಪತ್ತೇದಾರಿಕೆ. ತಪ್ಪು ಮಾಡಿದವರು ತಾವು, ತನಿಖೆ ನನ್ನ ಮೇಲೆ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಳ್ಳುವ ಬದಲು ಪಕ್ಕದವರ ಹೆಗಲು ತಡವಿದ ಹಾಗಾಯಿತು ಎಂದು ಮೈಯೆಲ್ಲ ಉರಿದುಹೋಯಿತು. ಮೇಷ್ಟ್ರ ಹೆಂಡತಿ ಗಟ್ಟಿಮುಟ್ಟಾಗಿದ್ದಾರೆ, ಬೇಕಾದರೆ ಹೋಗಿ ಮಾತಾಡಿಸಿಕೊಂಡು ಬನ್ನಿ ಎಂದಷ್ಟೇ ಹೇಳಿ ಒಳಗೆ ಹೋದೆ. ಆವತ್ತಿನಿಂದ ಮನೆಯಲ್ಲಿ ಇಬ್ಬರು ಪೊಲೀಸರು, ಇಬ್ಬರು ಕಳ್ಳರು, ಆದರೆ ಮನುಷ್ಯರು ಇಬ್ಬರೇ.

ಅಷ್ಟರಲ್ಲಿ ಹೊಸ ಬೆಳೆಯ ಹುಳು ದೊಡ್ಡವಾಗಿದ್ದವು. ಹುಳು ಸೊಪ್ಪು ಬಿಟ್ಟು ಪೊರೆ ಕಳಚಲು ಕೂರುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಅವುಗಳ ಹಸಿವಿಗೆ ಮಿತಿ ಇಲ್ಲ. ಹುಳುಮನೆಯ ಹೊರಗೆ ನಿಂತರೂ ಸೊಪ್ಪು ತಿನ್ನುವ ಸದ್ದು ಕೇಳಿಸುತ್ತದೆ. ಒಂದು ವಾರ ಹೀಗೆ ತಿಂದು ಹಣ್ಣಾಗುತ್ತವೆ, ಮೈ ಹಳದಿ ತಿರುಗಿ ಗೂಡು ಕಟ್ಟಲು ತಲೆಯೆತ್ತುತ್ತವೆ. ಆಗ ಹಗಲೂ ರಾತ್ರಿ ಹುಳು ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರಿನ ತಟ್ಟೆಗೆ ಹಾಕಬೇಕು. ಸ್ವಲ್ಪ ತಡವಾದರೂ ನೂಲೆಲ್ಲ ಹಾಳು. ಆ ಕೆಲಸದಲ್ಲಿ ನನ್ನ ಕೈ ಚುರುಕು. ಪ್ರತಿ ಬೆಳೆಗೂ ಆ ದಿನಗಳಲ್ಲಿ ನಾನು ಶಾಲೆಗೆ ರಜೆ ಹಾಕುತ್ತಿದ್ದೆ.

ಆ ವಾರವೇ ಹುಳುಮನೆಯ ಹಿಂದಿನ ಮೂಲೆಯಲ್ಲಿ ಇರುವೆ ಕಂಡಿತು. ಒಂದೆರಡಲ್ಲ, ಗೋಡೆಯ ಬುಡದಲ್ಲಿ ಕಪ್ಪು ಬಟ್ಟೆ ಹಾಸಿದಂತೆ. ಹುಳು ಸಾಕುವವರಿಗೆ ಇರುವೆ ಎಂದರೆ ಜೀವ ಬಾಯಿಗೆ ಬರುತ್ತದೆ, ಒಳಗೆ ನುಗ್ಗಿದರೆ ಬೆಳೆ ಉಳಿಯುವುದಿಲ್ಲ. ಇವರು ಪೌಡರು ಹಾಕಿದರು, ಬಿಸಿನೀರು ಸುರಿದರು. ಮಾರನೆಯ ದಿನ ಮತ್ತೆ ಅಷ್ಟೇ ಇರುವೆ. ಆಗ ಇವರ ಅನುಮಾನ ನನ್ನನ್ನು ಬಿಟ್ಟು ಕಾಂಪೌಂಡು ದಾಟಿತು. ನಮ್ಮ ಬೆಳೆ ಕೆಡಿಸಲು ಓರಗಿತ್ತಿ ಬೆಲ್ಲದ ನೀರು ಚೆಲ್ಲುತ್ತಿದ್ದಾಳೆ ಎಂದರು. ಅವರದು ಹಿಂದಿನ ಬೆಳೆ ಸುಣ್ಣಕಟ್ಟು ರೋಗಕ್ಕೆ ಹೋಗಿತ್ತು, ಅದರ ಹೊಟ್ಟೆಕಿಚ್ಚು ಎಂದು ಬೀದಿಗೆಲ್ಲ ಕೇಳುವಂತೆ ಕೂಗಾಡಿದರು. ಅವಳೇನು ಕಡಿಮೆ, ಮನೆದೇವರ ಫೋಟೊ ಎತ್ತಿಕೊಂಡೇ ಬಂದು ಅಂಗಳದಲ್ಲಿ ನಿಂತಳು. ಮೈದುನ ಇಬ್ಬರ ನಡುವೆ ನಿಂತು ಇಬ್ಬರಿಂದಲೂ ಬೈಸಿಕೊಂಡ.

ಜಗಳ ತಣ್ಣಗಾದ ಮೇಲೆ ಓರಗಿತ್ತಿ ನನ್ನನ್ನು ಬಾವಿಕಟ್ಟೆಯ ಹತ್ತಿರ ಹಿಡಿದು ನಿಲ್ಲಿಸಿದಳು.

"ಅಕ್ಕಾ, ನಾನು ಬೆಲ್ಲ ಚೆಲ್ಲಿದ್ರೆ ನಮ್ ಗೋಡೆ ಕಡೆಯಿಂದ ತಾನೇ ಇರುವೆ ಬರ್ಬೇಕು? ಆ ಒಂದು ಮೂಲೇಲೇ ಯಾಕೈತೆ? ಅನುಮಾನಂ ಪೆನುಭೂತಂ ಅಂತ ನಮ್ಮಮ್ಮ ಅನ್ನೋಳು. ನಿಮ್ ಮನೇಲಿ ಆ ಭೂತ ಹೊಕ್ಕೈತೆ."

ಅವಳ ಮಾತಿನಲ್ಲಿ ಭೂತದ ವಿಷಯ ಬಿಟ್ಟು ಮೂಲೆಯ ವಿಷಯ ಮಾತ್ರ ನನ್ನ ತಲೆಯಲ್ಲಿ ಕೂತಿತು. ಅವಳು ಹೇಳಿದಳೆಂದು ನಂಬಿದೆನೆ? ಇಲ್ಲ. ಅವಳನ್ನೂ ಇವರನ್ನೂ ಇಬ್ಬರನ್ನೂ ನೋಡಬೇಕೆಂದು ಬೆಳಗ್ಗೆ ಬೇಗ ಎದ್ದು ಅಡುಗೆಮನೆಯ ಕಿಟಕಿಯಲ್ಲಿ ಕೂತೆ. ಓರಗಿತ್ತಿ ಬರಲಿಲ್ಲ. ಬಂದವರು ಇವರೇ. ಪಂಚೆ ಎತ್ತಿಕೊಂಡು ಆ ಮೂಲೆಗೆ ನಿಂತು ಮೂತ್ರ ಮಾಡಿದರು. ಬೆಳಕು ಹರಿಯುವಷ್ಟರಲ್ಲಿ ಮತ್ತೆ ಬಂದರು, ಮತ್ತೆ ಬಂದರು. ಹೋಗುವಾಗೆಲ್ಲ ತೊಟ್ಟಿಯ ನೀರನ್ನು ಚೊಂಬಿನಲ್ಲಿ ಮೊಗೆದು ಗಟಗಟ ಕುಡಿದರು.

ನನ್ನಪ್ಪನಿಗೆ ಕೊನೆಗಾಲದಲ್ಲಿ ಸಕ್ಕರೆ ಕಾಯಿಲೆ ಇತ್ತು. ಬಚ್ಚಲಲ್ಲಿ ಇರುವೆ ಹತ್ತುತ್ತಿದ್ದದ್ದು ನನಗೆ ನೆನಪಿದೆ. ಆದರೂ ಖಾತ್ರಿಯಿಲ್ಲದೆ ಒಪ್ಪುವ ಹೆಂಗಸಲ್ಲ ನಾನು. ಸುಣ್ಣದ ಪುಡಿಯ ಮೂಟೆಯನ್ನು ಎಳೆದು ತಂದು ಆ ಮೂಲೆಗೆ ಅಡ್ಡ ಇಟ್ಟೆ. ನಿಲ್ಲಲು ಜಾಗವಿಲ್ಲದೆ ಇವರು ಸೀಬೆ ಗಿಡದ ಹತ್ತಿರ ಹೋದರು. ಮರುದಿನ ಮೂಲೆಯ ಇರುವೆ ತೆಳ್ಳಗಾಗಿ ಸೀಬೆ ಗಿಡದ ಬುಡಕ್ಕೆ ಸಾಲು ಹಿಡಿದಿತ್ತು. ಆ ಸಾಲನ್ನು ನೋಡಿದ ಮೇಲೆ ಇದು ಸಕ್ಕರೆ ಕಾಯಿಲೆಯೇ ಎಂದು ಖಾತ್ರಿಯಾಯಿತು. ಸೊರಗಿದ್ದು, ಬಾಯಾರಿಕೆ, ಗೋಡೆಯ ಕಡೆ ತಿರುಗಿ ಮಲಗಿದ್ದು, ಎಲ್ಲಕ್ಕೂ ಗೌರಿಬಿದನೂರಿನ ಹೆಂಗಸನ್ನು ಹೊಣೆ ಮಾಡಿದ್ದೆನಲ್ಲ, ಅಂಥವಳು ಇಲ್ಲವೇ ಇಲ್ಲ. ಖುಷಿಯಾಯಿತು. ಅಪ್ಪನ ಕಾಲಿನ ಗಾಯ ನೆನಪಾಗಿ ಮರುಕ್ಷಣವೇ ಹೆದರಿಕೆಯಾಯಿತು.

ಡಾಕ್ಟರ ಹತ್ತಿರ ಹೋಗೋಣವೆಂದರೆ ಇವರು ಒಪ್ಪಲಿಲ್ಲ. ನನಗೇನಾಗಿದೆ, ಕಲ್ಲು ತಿಂದು ಕರಗಿಸಿಕೊಳ್ಳುತ್ತೇನೆ ಎಂದರು. ಈ ಹೊತ್ತಿನಲ್ಲಿ ಹುಳು ಬಿಟ್ಟು ಬರುವ ಹಾಗೇ ಇಲ್ಲ ಎಂದರು. ನಾನು ದಾರಿ ಬದಲಾಯಿಸಿದೆ. ನನಗೇ ಮೈ ಸರಿಯಿಲ್ಲ, ಹೆಂಗಸರ ಕಡೆಯ ತೊಂದರೆ, ಚಿಕ್ಕಬಳ್ಳಾಪುರಕ್ಕೆ ಹೋಗಿ ತೋರಿಸಬೇಕು, ಒಬ್ಬಳೇ ಹೋಗಲು ಭಯ ಎಂದೆ. ಏನು ತೊಂದರೆ ಎಂದು ಕೇಳಿದರು. ನವೆ, ಉರಿ ಎಂದೆ. ಇವರ ಮುಖ ಒಂದು ಥರ ಆಯಿತು. ನಾಳೆಯೇ ಹೋಗೋಣ ಎಂದರು. ಬೈದುಕೊಂಡಿದ್ದ ತಮ್ಮನನ್ನೇ ಕರೆದು ಅರ್ಧ ದಿನ ಹುಳು ನೋಡಿಕೋ ಎಂದು ಒಪ್ಪಿಸಿದರು. ಎಷ್ಟಾದರೂ ನನ್ನ ಮೇಲೆ ಜೀವ ಇದೆ ಎಂದು ನಾನು ಎರಡನೇ ಸಲ ಮೋಸಹೋದೆ.

ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿ ಕಾರಿಡಾರಿನ ಬೆಂಚಿನಲ್ಲಿ ಕೂತೆವು. ನಮ್ಮ ಸರದಿ ಹತ್ತಿರ ಬಂದಾಗ ಇವರು ನನ್ನ ಕಡೆ ಬಗ್ಗಿ, ಬೇರೆ ಯಾರಿಗೂ ಕೇಳಿಸದಷ್ಟು ಮೆಲ್ಲಗೆ ಹೇಳಿದರು.

"ಒಳಗೋದ್ಮೇಲೆ ಡಾಕ್ಟ್ರ ಮುಂದೆ ನಿಜ ಹೇಳ್ಬಿಡು. ನಾನೇನೂ ಹೊಡೆಯಲ್ಲ."

"ಯಾವ ನಿಜ?"

"ಯಾರದು ಅಂತ. ಗೌರಿಬಿದನೂರಲ್ಲಿ ತೋರಿಸ್ದೆ ನಾನು. ಇದು ಹೆಣ್ಣಿಂದಾನೇ ಬರೋದು ಅಂದ್ರು. ನಾನು ಎಲ್ಲೂ ಹೋಗಿಲ್ಲ ಕಣೆ."

ಗೌರಿಬಿದನೂರು ಎಂದರೆ ಇದು. ಬಸ್ ಸ್ಟ್ಯಾಂಡಿನ ಗೋಡೆಗಳ ಮೇಲೆ ಅಂಟಿಸಿರುತ್ತಾರಲ್ಲ, ಪುರುಷರ ಗುಪ್ತ ಸಮಸ್ಯೆಗೆ ಲಾಡ್ಜಿನಲ್ಲಿ ಮಂಗಳವಾರ ಮಾತ್ರ ಸಿಗುತ್ತೇವೆ ಎಂದು, ಅಂಥ ಒಬ್ಬನ ಹತ್ತಿರ ಹೋಗಿದ್ದರು. ಊರಿನ ಹತ್ತಿರ ಎಲ್ಲೂ ಗುರುತು ಸಿಗಬಾರದೆಂದು ಅಷ್ಟು ದೂರ. ತುದಿಯ ಚರ್ಮ ಕೆಂಪಾಗಿ ಬಿರುಕು ಬಿಟ್ಟಿತ್ತು, ಹಿಂದಕ್ಕೆ ಸರಿಯುತ್ತಿರಲಿಲ್ಲ, ಉರಿಗೆ ನಿದ್ದೆ ಬರುತ್ತಿರಲಿಲ್ಲ. ಆ ಲಾಡ್ಜಿನವನು ಸರಿಯಾಗಿ ನೋಡಲೂ ಇಲ್ಲವಂತೆ. ನೀನು ಹೊರಗೆ ಹೋಗಿಲ್ಲ ಎಂದಾದರೆ ಮನೆಯಲ್ಲಿ ವಿಚಾರಿಸು ಎಂದು ಹೇಳಿ ಲೇಹ್ಯದ ಡಬ್ಬಿ ಕೊಟ್ಟು ಕಳಿಸಿದ್ದ. ಲೇಹ್ಯಕ್ಕೆ ಜೇನು, ಬೆಲ್ಲ. ಇವರು ಅದನ್ನು ದಿನಾ ನೆಕ್ಕುತ್ತಾ ನನ್ನನ್ನು ವಿಚಾರಿಸುತ್ತಿದ್ದರು.

ನನಗೆ ಎದ್ದು ಹೋಗಿಬಿಡಬೇಕು ಅನಿಸಿತು. ಮಗಳ ಹಾಸ್ಟೆಲ್ಲು ಅಲ್ಲೇ ಎರಡು ಬೀದಿಯಾಚೆ. ನಾನೂ ಇವರ ಮೇಲೆ ಅನುಮಾನಪಟ್ಟವಳೇ, ಆದರೆ ಬೆಂಚಿನ ಮೇಲೆ ಕೂರಿಸಿ ಹೊಡೆಯಲ್ಲ ಎಂಬ ಭರವಸೆ ಕೊಟ್ಟಿರಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಕರೆದರು.

ಡಾಕ್ಟರು ವಯಸ್ಸಾದ ಹೆಂಗಸು. ನಾನು ನನ್ನ ತೊಂದರೆ ಒಂದೇ ಮಾತಿನಲ್ಲಿ ಹೇಳಿ ಮುಗಿಸಿ, ಇವರದನ್ನು ಮೊದಲು ನೋಡಿ ಎಂದೆ. ಇರುವೆಯ ವಿಷಯವನ್ನೂ ಹೇಳಿದೆ. ಇವರು ನನ್ನ ಕಡೆ ಬಾಯಿಬಿಟ್ಟುಕೊಂಡು ನೋಡಿದರು. ಅವರು ಇವರನ್ನು ಪಕ್ಕದ ಕೋಣೆಯ ಗಂಡಸು ಡಾಕ್ಟರ ಹತ್ತಿರ ಕಳಿಸಿದರು, ನನ್ನನ್ನು ತಾವೇ ಪರೀಕ್ಷಿಸಿದರು, ಇವರ ರಕ್ತ ಮೂತ್ರ ಎರಡನ್ನೂ ಪರೀಕ್ಷೆಗೆ ಕೊಡಿಸಿದರು. ರಿಪೋರ್ಟು ಬಂದಾಗ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡರು. ಸಕ್ಕರೆ ತುಂಬಾ ಏರಿತ್ತು, ಇಷ್ಟು ದಿನ ನಡೆದಾಡಿಕೊಂಡಿದ್ದದ್ದೇ ಹೆಚ್ಚು ಎಂದರು.

"ಇದು ಯಾರೂ ಯಾರಿಗೂ ಹೊರಗಿಂದ ತಂದು ಕೊಟ್ಟಿದ್ದಲ್ಲಪ್ಪ. ಮೂತ್ರದಲ್ಲಿ ಸಕ್ಕರೆ ಹೋಗ್ತಿದ್ರೆ ಆ ಜಾಗದಲ್ಲಿ ಬೂಷ್ಟು ಬೆಳೆಯುತ್ತೆ. ನಿಮ್ಮಿಂದಾನೇ ಇವರಿಗೆ ಬಂದಿರೋದು."

ಗಂಡಸರಲ್ಲಿ ಸಕ್ಕರೆ ಕಾಯಿಲೆ ಎಷ್ಟೋ ಸಲ ಹೀಗೇ ಗೊತ್ತಾಗುತ್ತದೆ, ನಾಚಿಕೊಂಡು ಮುಚ್ಚಿಟ್ಟುಕೊಂಡು ಬರುವಷ್ಟರಲ್ಲಿ ಕಣ್ಣು, ಕಾಲು, ಕಿಡ್ನಿಯವರೆಗೂ ಹೋಗಿರುತ್ತದೆ ಎಂದರು. ಹಾಸಿಗೆಯಲ್ಲಿ ಆಗದೆ ಹೋಗುವುದೂ ಇದರದೇ ಕೊಡುಗೆ, ರಕ್ತದ ಓಟ ಮತ್ತು ನರ ಎರಡನ್ನೂ ಇದು ಕೆಡಿಸುತ್ತದೆ, ಸಕ್ಕರೆ ಹತೋಟಿಗೆ ಬಂದರೆ ಸುಧಾರಿಸಬಹುದು, ಆಗದಿದ್ದರೆ ಅದಕ್ಕೂ ಬೇರೆ ಔಷಧಿ ಇದೆ, ಲಾಡ್ಜಿನ ಲೇಹ್ಯ ಮಾತ್ರ ತಿಪ್ಪೆಗೆ ಹಾಕಿ ಎಂದರು. ಇಬ್ಬರಿಗೂ ಹಚ್ಚಿಕೊಳ್ಳಲು ಕ್ರೀಮು, ಇವರಿಗೆ ಮಾತ್ರೆ. ಚರ್ಮ ಸಡಿಲವಾಗದೆ ಮತ್ತೆ ಮತ್ತೆ ಬಿರಿದರೆ ಮುಂದಿನ ತೊಗಲು ತೆಗೆಯುವ ಸಣ್ಣ ಆಪರೇಷನ್ ಮಾಡಬೇಕಾಗಬಹುದು ಎಂದಾಗ ಇವರ ಮುಖ ಬಿಳಿಚಿಕೊಂಡಿತು. ಊರಲ್ಲಿ ಜನ ಏನಂದುಕೊಳ್ಳುತ್ತಾರೆ ಮೇಡಂ ಎಂದರು. ಪಂಚೆ ಉಟ್ಟುಕೊಂಡೇ ತಾನೇ ಊರಲ್ಲಿ ಓಡಾಡೋದು ಎಂದು ಆಕೆ ನಗದೆ ಕೇಳಿದರು.

ಆಪರೇಷನ್ ಬೇಕಾಗಲಿಲ್ಲ. ಕ್ರೀಮಿಗೆ ಇಬ್ಬರ ಉರಿಯೂ ಬೇಗ ಇಳಿಯಿತು. ಬರುವ ದಾರಿಯಲ್ಲಿ ಇವರು ಬಿಡುಗಡೆಯಾದ ಕೈದಿಯಂತಿದ್ದರು. ಶಿಡ್ಲಘಟ್ಟದಲ್ಲಿ ಬಸ್ಸು ಬದಲಾಯಿಸುವಾಗ ಸಿಕ್ಕಿದ, ಗೂಡು ಕೊಂಡು ನೂಲು ತೆಗೆಯುವ ರೀಲರಿಗೂ, ನಮ್ಮೂರಿನ ಅಂಗಡಿಯವನಿಗೂ ಶುಗರ್ ಬಂದಿದೆಯಂತೆ ಎಂದು ತಾವೇ ಸಾರಿದರು, ಯಾವುದೋ ಬಿರುದು ಬಂದ ಹಾಗೆ. ಓರಗಿತ್ತಿಯ ಮನೆ ಬಾಗಿಲಿಗೆ ಹೋಗಿ, ತಪ್ಪಾಯ್ತಮ್ಮ, ಬೆಲ್ಲ ನಿನ್ನದಲ್ಲ, ನನ್ನದೇ ಎಂದರು. ಅವಳು ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ನನಗೆ ಮಾತ್ರ ಏನೂ ಹೇಳಲಿಲ್ಲ. ಡಾಕ್ಟರು ಹೇಳಿದರಲ್ಲ, ಅಷ್ಟು ಸಾಕು ಎಂದು ಬಿಟ್ಟಿದ್ದರು. ನನ್ನನ್ನು ನಿರಪರಾಧಿ ಎಂದದ್ದು ಲ್ಯಾಬಿನ ಮಿಷನ್ನು, ಇವರಲ್ಲ. ಅದನ್ನು ನುಂಗಿಕೊಂಡೆ. ಕೆಲಸ ಮುಂದೆ ನಿಂತಿತ್ತು.

ಹುಳು ಹಣ್ಣಾದವು. ನಾನು ಎಂದಿನಂತೆ ರಜೆ ಹಾಕಿ ಹುಳುಮನೆಗೆ ಹೊಕ್ಕೆ. ಹಳದಿ ತಿರುಗಿದ ಹುಳುವನ್ನು ನೋವಾಗದಂತೆ ಬೆರಳಲ್ಲಿ ಎತ್ತಿ ಎತ್ತಿ ಚಂದ್ರಿಕೆಗೆ ಹಾಕಿದೆ. ಇವರು ಸೊಪ್ಪಿನ ರೇಟು, ಗೂಡಿನ ರೇಟು ಮಾತಾಡುತ್ತಾ ನನ್ನ ಪಕ್ಕದಲ್ಲೇ ಆರಿಸುತ್ತಿದ್ದರು. ಆ ಸಲದ ಗೂಡು ಒಳ್ಳೆಯ ಬೆಲೆಗೆ ಹೋಯಿತು. ಮಾರುಕಟ್ಟೆಯಿಂದ ಬರುವಾಗ ನನಗೊಂದು ಸೀರೆ ತಂದರು, ನನಗಿಷ್ಟದ ಬಣ್ಣವನ್ನೇ. ಸಂಜೆ ಸ್ನಾನ ಮಾಡಿ, ಎಷ್ಟೋ ತಿಂಗಳ ಮೇಲೆ, ಹಾಸಿಗೆಯೊಂದಿಗೆ ಮನೆಯೊಳಗೆ ಬಂದರು.

ನಾನು ದೇವರಿಗೆ ದೀಪ ಹಚ್ಚುತ್ತಿದ್ದೆ. ಇವರು ಬಾಗಿಲಿಗೆ ಒರಗಿ ಕೂತು, ಎಲ್ಲಾ ಸರಿಹೋಯ್ತಲ್ಲ ಕಣೆ ಎಂದರು. ಆ ಮಾತಿಗೆ ಸುಮ್ಮನಿದ್ದರೆ ಮುಗಿಯುತ್ತಿತ್ತು. ನನ್ನ ಬುದ್ಧಿ ಸುಮ್ಮನಿರಲು ಬಿಡಲಿಲ್ಲ.

"ರಿಪೋರ್ಟಲ್ಲಿ ಸಕ್ಕರೆ ಇಲ್ಲ ಅಂತ ಬಂದಿದ್ರೆ ಏನ್ ಮಾಡ್ತಿದ್ರಿ?" ಎಂದು ಕೇಳಿದೆ.

ಇವರಿಗೆ ಇನ್ನು ಮುಚ್ಚಿಡುವಂಥದ್ದೇನೂ ಉಳಿದಿರಲಿಲ್ಲ.

"ನಿಮ್ಮಣ್ಣಂಗೆ ಫೋನ್ ಮಾಡಿ, ಬಂದು ಕರ್ಕೊಂಡ್ ಹೋಗಪ್ಪ ಅನ್ನೋಣ ಅಂತಿದ್ದೆ."

"ಯಾವತ್ತು?"

"ಗೂಡು ಮಾರಿದ್ಮೇಲೆ. ಹುಳ ಹಣ್ಣಾಗೋ ಹೊತ್ನಲ್ಲಿ ಕೈ ಬೇಕಲ್ಲ."

ಬೆಳೆಯ ಲೆಕ್ಕಾಚಾರ ಹೇಳುವ ದನಿಯಲ್ಲೇ ಹೇಳಿದರು, ಅದರಲ್ಲಿ ನೋಯುವಂಥದ್ದು ಏನಿದೆ ಎಂದು ಅವರಿಗೆ ಹೊಳೆಯಲೂ ಇಲ್ಲ. ಅನುಮಾನಪಟ್ಟದ್ದಕ್ಕೆ ನನಗೆ ಸಿಟ್ಟಿಲ್ಲ, ಆ ವಿದ್ಯೆಯಲ್ಲಿ ನಾನು ಇವರಿಗಿಂತ ಒಂದು ಕ್ಲಾಸು ಮುಂದೆ. ಆದರೆ ನಾನು ಬೇರೆಯವನ ಪಾಲಾದವಳು ಎಂದು ಪೂರ್ತಿ ನಂಬಿದ್ದಾಗಲೂ, ಹುಳು ಆರಿಸಲು ನನ್ನ ಕೈ ಇರಲಿ ಎಂದು ಉಳಿಸಿಕೊಂಡಿದ್ದರು. ಅದು ಎದೆಗೆ ನಾಟಿತು. ಈಗಲೂ ನಾಟಿಕೊಂಡಿದೆ.

ಅಣ್ಣನ ಮನೆಗೆ ಹೋಗಲಿಲ್ಲ. ಮುದ್ದೆ ಮಾಡುತ್ತೇನೆ, ಹೊತ್ತು ಹೊತ್ತಿಗೆ ಮಾತ್ರೆ ಕೊಡುತ್ತೇನೆ, ರಾತ್ರಿ 'ಕಾಲು ತೋರಿಸಿ' ಎಂದು ಬೆರಳ ಸಂದಿಯಲ್ಲೆಲ್ಲ ಗಾಯವಿದೆಯೇ ಎಂದು ನೋಡುತ್ತೇನೆ. ಇವರ ಸಕ್ಕರೆ ಹತೋಟಿಯಲ್ಲಿದೆ, ನಮ್ಮ ಸಂಸಾರವೂ ಮೊದಲಿನಂತೆಯೇ ನಡೆದಿದೆ ಎನ್ನಬಹುದು. ಹುಳುಮನೆಗೆ ಮಾತ್ರ ಆ ದಿನದಿಂದ ನಾನು ಕಾಲಿಟ್ಟಿಲ್ಲ. ಹುಳು ಹಣ್ಣಾದಾಗ ಇವರು ಕೂಲಿಯವರನ್ನು ಕರೆಯುತ್ತಾರೆ. ನಾನು ಸೀರೆ ಉಟ್ಟುಕೊಂಡು ಬಸ್ಸು ಹತ್ತಿ ಶಾಲೆಗೆ ಹೋಗುತ್ತೇನೆ. ಪಾಪ, ಅವಳಿಗೆ ಬೆನ್ನುನೋವು ಎಂದು ಇವರು ಊರಿಗೆಲ್ಲ ಹೇಳಿಕೊಂಡಿದ್ದಾರೆ. ನನ್ನ ಬೆನ್ನಿಗೆ ಏನೂ ಆಗಿಲ್ಲ.